ಡಿಎನ್‌ಎ ಬಿಚ್ಚುವಾಗ ಮುಂದೆ ಬೀಳೋ ಸಿಕ್ಕು ಬಿಡಿಸೋರು ಯಾರು?

ಪಿಯು_ಮೇಷ್ಟ್ರು · ರಾತ್ರಿ 8:40
ನಮಸ್ಕಾರ. ದ್ವಿತೀಯ ಪಿಯುಸಿಗೆ ಜೀವಶಾಸ್ತ್ರ ಹೇಳ್ತೀನಿ, ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿ ಬಂದ ಮಕ್ಕಳೇ ಜಾಸ್ತಿ. ಮೊನ್ನೆ ಡಿಎನ್‌ಎ ನಕಲಾಗೋ ಪಾಠ. ಹಲಗೆ ಮೇಲೆ ಮಾಮೂಲಿ ಚಿತ್ರ ಬರೆದೆ. ಕವೆ ಥರ ಎರಡು ಎಳೆ ಬೇರೆ ಆಗ್ತಿದೆ, ಕವಲಿನಲ್ಲಿ ಎಳೆ ಬಿಚ್ಚೋ ಹೆಲಿಕೇಸ್, ಹಿಂದೆ ಹೊಸ ಎಳೆ ಕಟ್ಟೋ ಪಾಲಿಮರೇಸ್, ತುಂಡುಗಳನ್ನ ಅಂಟಿಸೋಕೆ ಲೈಗೇಸ್.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಎರಡೂ ಎಳೆ ಒಂದಕ್ಕೊಂದು ಸುತ್ತಿಕೊಂಡಿವೆ ಅಂದ್ರಲ್ಲ, ಈ ಕಡೆ ಬಿಚ್ಚಿದ್ರೆ ಆ ಕಡೆ ಹುರಿ ಬಿಗಿಯಾಗಲ್ವಾ? ನಮ್ಮನೇಲಿ ಹಗ್ಗದ ಎಳೆ ಬಿಡಿಸುವಾಗ ಹಾಗೇ ಆಗತ್ತೆ."

ಟೋಪೋಐಸೋಮರೇಸ್ ಅಂತ ಒಂದು ಕಿಣ್ವ ಇದೆ, ಅದು ಬಿಗಿ ಸಡಿಲ ಮಾಡತ್ತೆ ಅಂದೆ. "ಹೇಗೆ ಸರ್?" ಅಂದಳು. "ಕತ್ತರಿಸಿ ಜೋಡಿಸತ್ತೆ" ಅಂದೆ. "ಕತ್ತರಿಸಿದ ತುದಿ ಎಲ್ಲಾದ್ರೂ ಹೋಗಿಬಿಟ್ರೆ?" ಅಂದಳು. ಅಷ್ಟರಲ್ಲಿ ಬೆಲ್ ಆಯ್ತು. ಎರಡು ದಿನದಿಂದ ಅದೇ ತಲೇಲಿ ಕೂತಿದೆ. ಸೋಮವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು. ತಿಳಿದವರು ಮನುಷ್ಯರ ಜೀವಕೋಶದ ಲೆಕ್ಕದಲ್ಲೇ ಹೇಳಿ, ಬ್ಯಾಕ್ಟೀರಿಯಾದ್ದು ಬೇಡ.

ಹುಬ್ಬಳ್ಳಿ_ಮಂದಿ · 8:52
ಸರ್, ಹೆಲಿಕೇಸ್ ಐತೆಲ್ರಿ. ಬಿಚ್ಚೂ ಕೆಲಸ ಅದರದ ಅಲ್ಲೇನ್ರಿ? ಮತ್ತೊಂದು ಯಾಕ್ ಬೇಕು? ಹುಡುಗ್ರ ತಲಿಗೆ ಹೆಸರು ತುಂಬೂದು ಕಡಿಮಿ ಮಾಡ್ರಿ.

ತಿಪಟೂರ್_ನಾರು · 9:05
ಹುಬ್ಬಳ್ಳಿ ಅಣ್ಣ, ಒಂದು ಸಲ ಕೈಯಲ್ಲಿ ಮಾಡಿ ನೋಡಿ ಆಮೇಲೆ ಹೇಳಿ. ನಮ್ಮದು ತೆಂಗಿನ ನಾರಿನ ಹಗ್ಗ ಮಾಡೋ ಮನೆ. ಎರಡು ಎಳೆ ಹಗ್ಗದ ಒಂದು ತುದಿಯನ್ನ ಗೂಟಕ್ಕೆ ಬಿಗಿಯಾಗಿ ಕಟ್ಟಿ. ಈ ತುದೀಲಿ ಎರಡು ಎಳೆಯನ್ನ ಎರಡು ಕೈಲಿ ಹಿಡಿದು ಅಗಲಿಸ್ತಾ ಹೋಗಿ. ಮೊದಲ ಒಂದಡಿ ಸಲೀಸು. ಆಮೇಲೆ ಮುಂದಿನ ಹಗ್ಗ ಕೈಗೆ ಗಟ್ಟಿ ಹತ್ತತ್ತೆ, ಕಡ್ಡಿ ಥರ. ಇನ್ನೂ ಎಳೆದ್ರೆ ಮಧ್ಯದಲ್ಲಿ ಹಗ್ಗ ತನ್ನ ಮೇಲೆ ತಾನೇ ಮಡಚಿಕೊಂಡು ಸುರುಳಿ ಎದ್ದು ನಿಲ್ಲತ್ತೆ. ಆಮೇಲೆ ಎಷ್ಟು ಎಳೆದ್ರೂ ಬರಲ್ಲ. ಬಿಚ್ಚಿದ ಹುರಿ ಎಲ್ಲೂ ಮಾಯ ಆಗಿರಲ್ಲ, ಮುಂದಕ್ಕೆ ಸರಿದಿರತ್ತೆ ಅಷ್ಟೆ. ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ.

ಹುಬ್ಬಳ್ಳಿ_ಮಂದಿ · 9:09
ಗೂಟಾ ಬಿಚ್ಚಿಬಿಡ್ರಿ ಹಂಗಾದ್ರ. ಆ ಕಡಿ ತುದಿ ತಿರಗತೈತಿ, ಹುರಿ ಹೋಗತೈತಿ. ಮನುಷ್ಯಾರ ಕ್ರೋಮೋಸೋಮಿಗೆ ತುದಿ ಇರ್ತಾವಲ್ರಿ, ಬ್ಯಾಕ್ಟೀರಿಯಾದ ಹಂಗ ಬಳಿ ಅಲ್ಲ ಅದು.

ಗಣಿತದವ · 9:31
ಒಳ್ಳೆ ಪ್ರಶ್ನೆ, ಆದರೆ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ನಮ್ಮ 1ನೇ ಕ್ರೋಮೋಸೋಮಿನಲ್ಲಿ ಸುಮಾರು 24.9 ಕೋಟಿ ಅಕ್ಷರ ಜೋಡಿ (ಎರಡು ಎಳೆಯನ್ನು ಸೇರಿಸುವ ಬೇಸ್ ಜೋಡಿಗಳು). ನೆಟ್ಟಗೆ ಎಳೆದರೆ ಸುಮಾರು ಎಂಟೂವರೆ ಸೆಂಟಿಮೀಟರ್. ದಪ್ಪ ಎಷ್ಟು ಗೊತ್ತೇ? 2 ನ್ಯಾನೋಮೀಟರ್. ಅದೂ ನೆಟ್ಟಗಿಲ್ಲ, ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡು, ಅಲ್ಲಲ್ಲಿ ಕುಣಿಕೆ ಹಾಕಿಕೊಂಡು, ಮೈಕ್ರಾನ್ ಲೆಕ್ಕದ ಕೋಶಕೇಂದ್ರದೊಳಗೆ ಉಳಿದ 45 ಕ್ರೋಮೋಸೋಮುಗಳ ಜೊತೆ ಇಕ್ಕಟ್ಟಿನಲ್ಲಿ ಕೂತಿದೆ. ನಡುವೆ ಎಲ್ಲೋ ಬಿಚ್ಚಿದ ಹುರಿ ತುದಿವರೆಗೆ ಹೋಗಿ ಆ ತುದಿ ಗಿರಗಿರ ತಿರುಗಬೇಕು ಅಂದರೆ ಆಗದ ಮಾತು. ಹೆಜ್ಜೆ ಹೆಜ್ಜೆಗೂ ಗೂಟ ಹೊಡೆದಿದೆ ಅಂತಲೇ ತಿಳಿಯಿರಿ.

ಇನ್ನೊಂದು ಲೆಕ್ಕ. ಸುಮಾರು 10.5 ಅಕ್ಷರಕ್ಕೆ ಒಂದು ಸುತ್ತು. ಒಂದು ಜೀವಕೋಶದಲ್ಲಿ ತಾಯಿಯದೂ ತಂದೆಯದೂ ಸೇರಿ 640 ಕೋಟಿಯಷ್ಟು ಅಕ್ಷರ. ಅಂದರೆ 60 ಕೋಟಿಗೂ ಮೇಲೆ ಸುತ್ತು. ಒಂದು ಕೋಶ ಎರಡಾಗಬೇಕಾದರೆ ಇಷ್ಟೂ ಸುತ್ತು ಬಿಚ್ಚಬೇಕು, ಒಂದು ಉಳಿದರೂ ಎರಡು ಎಳೆ ಬೇರೆ ಆಗುವುದಿಲ್ಲ. ನಕಲಾಗುವ ಹಂತ ಸುಮಾರು 8 ಗಂಟೆ ಅಂತ ಹಿಡಿದರೆ ಸೆಕೆಂಡಿಗೆ 20,000ಕ್ಕೂ ಹೆಚ್ಚು ಸುತ್ತು. ಬರೆದು ನೋಡಿ ನಾನೇ ಎರಡು ಸಲ ತಾಳೆ ಮಾಡಿದೆ.

ಹುಬ್ಬಳ್ಳಿ_ಮಂದಿ · 9:34
ಆತು, ಒಪ್ಪಿದ್ನಿ. ಮುಂದ ಹೇಳ್ರಿ.

ಫಾರ್ಮಸಿ_ಅಣ್ಣ · 9:40
ಇದು ಗೈರೇಸ್ ಅಲ್ವಾ ಮೇಷ್ಟ್ರೇ? ಡಿ.ಫಾರ್ಮಾದಲ್ಲಿ ಓದಿದ ನೆನಪು. ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಅದನ್ನೇ ಹಿಡಿಯೋದು.

ರಾತ್ರಿ_ಲ್ಯಾಬ್ · 10:15
ಅಣ್ಣ, ಗೈರೇಸ್ ಬ್ಯಾಕ್ಟೀರಿಯಾದ್ದು. ಮನುಷ್ಯರಲ್ಲಿ ಗೈರೇಸ್ ಇಲ್ಲ. ಸಿಪ್ರೋ ನುಂಗಿದ್ರೆ ನಮ್ಮ ಜೀವಕೋಶ ಸಾಯದೆ ಬ್ಯಾಕ್ಟೀರಿಯಾ ಮಾತ್ರ ಸಾಯೋದು ಅದಕ್ಕೇ. ಗೈರೇಸೂ ಟೋಪೋಐಸೋಮರೇಸ್ ಕುಟುಂಬದ್ದೇ, ನಮ್ಮದಕ್ಕೆ ದೂರದ ದಾಯಾದಿ. ಆಕಾರದಲ್ಲಿ ಇರೋ ವ್ಯತ್ಯಾಸದಿಂದ ಆ ಮಾತ್ರೆ ಅದಕ್ಕೆ ಸರಿಯಾಗಿ ಕೂರತ್ತೆ, ನಮ್ಮದಕ್ಕೆ ಆ ಪ್ರಮಾಣದಲ್ಲಿ ಕೂರಲ್ಲ.

ಮೇಷ್ಟ್ರೇ, ನಾನು ಏಳು ವರ್ಷದಿಂದ ಈ ಕಿಣ್ವದ ಜೊತೇಲೇ ಕೆಲಸ ಮಾಡ್ತಿದ್ದೀನಿ. ನಿಮ್ಮ ವಿದ್ಯಾರ್ಥಿನಿ ಕೇಳಿರೋದು ಸಣ್ಣ ಪ್ರಶ್ನೆ ಅಲ್ಲ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿ ಸುರುಳಿಯ ರಚನೆ ಪ್ರಕಟಿಸಿದ ಮರುವರ್ಷವೇ, 1954ರಲ್ಲಿ, ಮ್ಯಾಕ್ಸ್ ಡೆಲ್‌ಬ್ರುಕ್ ಅನ್ನೋ ವಿಜ್ಞಾನಿ ಇದೇ ಆಕ್ಷೇಪ ಎತ್ತಿದ್ರು. ಇಷ್ಟೊಂದು ಸುತ್ತು ಬಿಚ್ಚೋದು ಹೇಗೆ, ಎಳೆಗಳು ಮುರಿದು ಮತ್ತೆ ಸೇರಿಕೊಳ್ಳಬೇಕು ಅಂತ ಅವರ ವಾದ. ಉತ್ತರ ಸಿಗೋಕೆ 17 ವರ್ಷ ಬೇಕಾಯ್ತು. 1971ರಲ್ಲಿ ಜೇಮ್ಸ್ ವಾಂಗ್ ಬ್ಯಾಕ್ಟೀರಿಯಾದಲ್ಲಿ ಇಂಥ ಮೊದಲ ಪ್ರೋಟೀನ್ ಕಂಡುಹಿಡಿದರು. 1972ರಲ್ಲಿ ಶಾಂಪೂ ಮತ್ತು ಡುಲ್ಬೆಕೋ ಇಲಿಯ ಜೀವಕೋಶದಲ್ಲಿ ಹುರಿ ಬಿಡಿಸೋ ಗುಣ ತೋರಿಸಿದರು. ಹಿಂದಿನ ಬೆಂಚಲ್ಲಿ ಕೂತು ಡೆಲ್‌ಬ್ರುಕ್ ಪ್ರಶ್ನೆ ಕೇಳಿದ್ದಾಳೆ ಅಂತ ದಯವಿಟ್ಟು ಅವಳಿಗೆ ಹೇಳಿ.

ಮನುಷ್ಯರಲ್ಲಿ ಈ ಕುಟುಂಬದ ಕಿಣ್ವ ಆರು. ನಕಲಾಗೋ ಕೆಲಸಕ್ಕೆ ಮುಖ್ಯ ಎರಡು, ಟೋಪೋ 1 ಮತ್ತು ಟೋಪೋ 2 ಆಲ್ಫಾ. ವಿವರ ಬೆಳಿಗ್ಗೆ ಬರೀತೀನಿ, ಈಗ ಜೆಲ್ (ಕರೆಂಟ್ ಕೊಟ್ಟು ಡಿಎನ್‌ಎಯನ್ನ ಓಡಿಸಿ ಬೇರ್ಪಡಿಸೋ ಲೋಳೆ ಪದರ) ಓಡ್ತಿದೆ.

ಪದಕೋಶ · 10:22
ಈ "ಟೋಪೋಐಸೋಮರೇಸ್" ಅನ್ನೋದಕ್ಕೆ ಕನ್ನಡದಲ್ಲಿ ಏನಾದರೂ ಮಾಡಬಾರದೇ? "ಹುರಿಬಿಡಿಕೆ" ಅಂದರೆ ಹೇಗೆ?

ತಿಪಟೂರ್_ನಾರು · 10:26
ಚೆನ್ನಾಗಿದೆ. ನಮ್ಮ ಅಜ್ಜಿಗೂ ಅರ್ಥ ಆಗತ್ತೆ.

ಪಿಯು_ಮೇಷ್ಟ್ರು · 10:30
ಪಾಠ ಹೇಳುವಾಗ ಖಂಡಿತ ಬಳಸ್ತೀನಿ. ಆದರೆ ನೀಟ್ ಪರೀಕ್ಷೇಲಿ ಮಕ್ಕಳಿಗೆ ಟೋಪೋಐಸೋಮರೇಸ್ ಅಂತಲೇ ಬರಬೇಕಲ್ಲ. ಎರಡೂ ಬರೆಸ್ತೀನಿ.

ಪದಕೋಶ · 10:33
"ಎಂಜೈಮ್" ಅನ್ನೋ ಬದಲು "ಕಿಣ್ವ" ಬಳಸಿದ್ದೀರಲ್ಲ, ಅಷ್ಟಕ್ಕೇ ಸಂತೋಷ.

ಹುಬ್ಬಳ್ಳಿ_ಮಂದಿ · 10:35
ಕಿಣ್ವ ಅಂದ್ರ ನಮ್ಮ ಮನ್ಯಾಗ ಯಾರಿಗೂ ತಿಳಿಯೂದಿಲ್ರಿ, ಎಂಜೈಮ್ ಅಂದ್ರ ಎಲ್ಲಾರಿಗೂ ತಿಳಿತೈತಿ. ಜಾಹೀರಾತಿನ್ಯಾಗ ಸೋಪಿನ ಪುಡಿಗೂ ಎಂಜೈಮ್ ಅಂತಾರ.

ಪದಕೋಶ · 10:41
ತಿಳಿಯದ ಪದ ಬಳಸಿದರೆ ತಾನೇ ತಿಳಿಯೋದು. ಇದಕ್ಕೆ ಬೇರೆ ಚರ್ಚೆಯ ಎಳೆ ಶುರು ಮಾಡೋಣ, ಇಲ್ಲಿ ಬೇಡ.

ರಾತ್ರಿ_ಲ್ಯಾಬ್ · ಮರುದಿನ ಬೆಳಿಗ್ಗೆ 7:10
ಮಾತು ಕೊಟ್ಟ ಹಾಗೆ ಬರೀತಿದ್ದೀನಿ. ಉದ್ದ ಆಗತ್ತೆ.

ಟೋಪೋ 1. ಕವಲಿನ ಮುಂದೆ ಹುರಿ ಬಿಗಿಯಾದ ಜಾಗದಲ್ಲಿ ಡಿಎನ್‌ಎಯನ್ನ ಸುತ್ತ ತಬ್ಬಿಕೊಳ್ಳತ್ತೆ. ಎರಡು ಎಳೇಲಿ ಒಂದನ್ನ ಮಾತ್ರ ಕತ್ತರಿಸತ್ತೆ. ಇನ್ನೊಂದು ಎಳೆ ಹಾಗೇ ಇರತ್ತಲ್ಲ, ಅದೇ ಅಚ್ಚು. ಆ ಅಚ್ಚಿನ ಸುತ್ತ ಮುಂದಿನ ಡಿಎನ್‌ಎ ತಾನೇ ತಿರುಗಿ ಬಿಗಿ ಕಳೆದುಕೊಳ್ಳತ್ತೆ. ಒಂದೇ ಸಲ ಹಲವು ಸುತ್ತು ಹೋಗಬಹುದು. ಆಮೇಲೆ ಕತ್ತರಿಸಿದ್ದನ್ನ ಮತ್ತೆ ಸೇರಿಸಿ ಕಿಣ್ವ ಹೊರಟುಹೋಗತ್ತೆ.

"ಕತ್ತರಿಸಿದ ತುದಿ ಎಲ್ಲಾದ್ರೂ ಹೋಗಿಬಿಟ್ರೆ?" ಅಂತ ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಇದು: ಹೋಗೋಕೆ ಬಿಡಲ್ಲ. ಯಾಕಂದ್ರೆ ಕತ್ತರಿಸೋದೇ ತುದಿಯನ್ನ ತನ್ನ ಮೈಗೆ ಅಂಟಿಸಿಕೊಳ್ಳೋ ಮೂಲಕ. ಕಿಣ್ವದ 765 ಅಮೈನೋ ಆಮ್ಲಗಳ ಸಾಲಲ್ಲಿ 723ನೇದು ಟೈರೋಸಿನ್. ಅದು ಡಿಎನ್‌ಎ ಬೆನ್ನೆಲುಬಿನ ಫಾಸ್ಫೇಟಿಗೆ ಹೋಗಿ ಕಚ್ಚಿಕೊಳ್ಳತ್ತೆ. ಅಲ್ಲಿದ್ದ ಬಂಧ ಬಿಡತ್ತೆ, ಟೈರೋಸಿನ್ ಜೊತೆ ಹೊಸ ಬಂಧ ಆಗತ್ತೆ. ಬಿಟ್ಟ ಬಂಧದ ಶಕ್ತಿ ಈ ಹೊಸ ಬಂಧದಲ್ಲೇ ಉಳಿದಿರತ್ತೆ, ಹಾಗಾಗಿ ವಾಪಸ್ ಸೇರಿಸೋಕೆ ಹೊರಗಿಂದ ಎಟಿಪಿ (ಜೀವಕೋಶದ ಇಂಧನ) ಬೇಡ. ಕತ್ತರಿ ಹಾಕೋ ಕೈಯೇ ತುದಿಯನ್ನ ಹಿಡಿದುಕೊಂಡಿರತ್ತೆ, ಹಿಡಿದ ಕೈಯೇ ಸೇರಿಸತ್ತೆ.

ತಿಪಟೂರ್_ನಾರು · 7:32
ಮೇಡಂ, ನಾವು ಹಗ್ಗ ಕತ್ತರಿಸಿ ಜೋಡಿಸಿದ್ರೆ ಗಂಟು ಉಳಿಯತ್ತೆ. ಗಂಟಿರೋ ಹಗ್ಗಕ್ಕೆ ಸಂತೇಲಿ ಬೆಲೆ ಇಲ್ಲ. ಇಲ್ಲಿ?

ರಾತ್ರಿ_ಲ್ಯಾಬ್ · 7:40
ಇಲ್ಲಿ ಏನೂ ಉಳಿಯಲ್ಲ. ಮೊದಲು ಇದ್ದ ಬಂಧವೇ ವಾಪಸ್ ಬರತ್ತೆ, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಅಕ್ಷರಗಳ ಸಾಲು ಅದೇ, ಉದ್ದ ಅದೇ, ಸುತ್ತಿನ ಲೆಕ್ಕ ಮಾತ್ರ ಬೇರೆ. ಐಸೋಮರ್ ಅಂದ್ರೆ ಅದೇ ವಸ್ತು, ಜೋಡಣೆ ಬೇರೆ, ಅದಕ್ಕೇ ಐಸೋಮರೇಸ್ ಅಂತ ಹೆಸರು.

ಗಣಿತದವ · 7:58
ಮನುಷ್ಯರ ಕವಲು ನಿಮಿಷಕ್ಕೆ ಸುಮಾರು 1,500ರಿಂದ 2,000 ಅಕ್ಷರ ಮುಂದೆ ಹೋಗುತ್ತದೆ. 10.5ರಿಂದ ಭಾಗಿಸಿದರೆ ನಿಮಿಷಕ್ಕೆ 140ರಿಂದ 190 ಸುತ್ತು. ಅಂದರೆ ಪ್ರತಿ ಕವಲಿನ ಮುಂದೆಯೂ ಸೆಕೆಂಡಿಗೆ ಎರಡು ಮೂರು ಸುತ್ತಿನ ಬಿಗಿ ತೆಗೆಯುತ್ತಿರಬೇಕು. ಇಂಥ ಕವಲುಗಳು ಒಂದು ಕೋಶದಲ್ಲಿ ಸಾವಿರ ಸಾವಿರ. ಮೇಷ್ಟ್ರು ಬ್ಯಾಕ್ಟೀರಿಯಾ ಬೇಡ ಅಂದಿದ್ದಾರೆ, ಆದರೂ ಒಂದೇ ಸಾಲು. ಅಲ್ಲಿ ಸೆಕೆಂಡಿಗೆ ಸುಮಾರು 1,000 ಅಕ್ಷರ, 100ರ ಹತ್ತಿರ ಸುತ್ತು.

ಪಿಯು_ಮೇಷ್ಟ್ರು · 8:20
ಮೇಡಂ, ತುಂಬಾ ಧನ್ಯವಾದ. ಆ ಟೈರೋಸಿನ್ ವಿಷಯ ಓದಿದ ಮೇಲೆ ನನಗೇ ಸಮಾಧಾನ ಆಯ್ತು. ಟೋಪೋ 2 ಮತ್ತೆ ಯಾಕೆ? ಒಂದು ಸಾಲದಾ?

ರಾತ್ರಿ_ಲ್ಯಾಬ್ · 9:02
ಹಗ್ಗದ ಆಟದಲ್ಲೇ ಹೇಳ್ತೀನಿ. ಮುಂದಿನ ಬಿಗಿ ತಾಳಲಾರದೆ ನಿಮ್ಮ ಕೈಯೇ ತಿರುಗಿಬಿಡ್ತು ಅಂತಿಟ್ಟುಕೊಳ್ಳಿ. ಮುಂದಿನ ಬಿಗಿ ಕಮ್ಮಿ ಆಗತ್ತೆ. ಆದರೆ ಹಿಂದೆ ಬಿಚ್ಚಿದ್ದ ಎರಡು ಎಳೆ ಒಂದರ ಮೇಲೊಂದು ಸುತ್ತಿಕೊಳ್ಳತ್ತೆ. ಜೀವಕೋಶದಲ್ಲಿ ಅಷ್ಟು ಹೊತ್ತಿಗೆ ಆ ಎರಡೂ ಎಳೆ ನಕಲಾಗಿ ಎರಡು ಪೂರ್ತಿ ಡಿಎನ್‌ಎ ಆಗಿರತ್ತೆ, ಅಕ್ಕತಂಗಿ ಥರ. ಅವೆರಡೂ ಹೆಣೆದುಕೊಂಡಿದ್ರೆ ಕೋಶ ಎರಡಾಗುವಾಗ ಎಳೆದಾಟಕ್ಕೆ ಸಿಕ್ಕಿ ಹರಿದುಹೋಗತ್ತೆ. ಒಂದೆಳೆ ಕತ್ತರಿಸೋ ಟೋಪೋ 1ಕ್ಕೆ ಈ ಹೆಣಿಗೆ ಬಿಡಿಸೋಕೆ ಆಗಲ್ಲ.

ಅದಕ್ಕೆ ಟೋಪೋ 2 ಬೇಕು. ಅದು ಒಂದು ಡಿಎನ್‌ಎಯ ಎರಡೂ ಎಳೆ ಕತ್ತರಿಸಿ ಗೇಟ್ ಥರ ತೆರೆದು, ಇನ್ನೊಂದು ಡಿಎನ್‌ಎಯನ್ನ ಅದರೊಳಗಿಂದ ದಾಟಿಸಿ, ಗೇಟ್ ಮುಚ್ಚತ್ತೆ. ಅದರ ಎರಡು ಭಾಗದಲ್ಲೂ ಒಂದೊಂದು ಟೈರೋಸಿನ್, ಎರಡು ಕಡೆ ತುದಿಯನ್ನೂ ಹಿಡಿದಿರತ್ತೆ. ಇದಕ್ಕೆ ಎಟಿಪಿ ಬೇಕೇ ಬೇಕು. ಜಡೆ ಬಿಚ್ಚದೆ ಒಂದು ಕೂದಲನ್ನ ಇನ್ನೊಂದರ ಒಳಗಿಂದ ದಾಟಿಸಿದ ಹಾಗೆ.

ಕಣ್ಣಿಂದ ನೋಡಬಹುದು ಇದನ್ನ. ಲೀಶ್ಮೇನಿಯಾ ಜಾತಿಯ ಪರಾವಲಂಬಿಗಳಲ್ಲಿ ಡಿಎನ್‌ಎಯ ಸಾವಿರಾರು ಸಣ್ಣ ಬಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆ ಥರ ಇರತ್ತೆ. ಆ ಬಲೆಯನ್ನ ಜೆಲ್‌ಗೆ ಹಾಕಿದ್ರೆ ಬಾವಿಯಲ್ಲೇ (ಜೆಲ್‌ನಲ್ಲಿ ಡಿಎನ್‌ಎ ಹಾಕೋ ಗುಳಿ) ಕೂತುಬಿಡತ್ತೆ, ಒಳಗೆ ನುಗ್ಗೋಕೇ ಆಗಲ್ಲ. ಟೋಪೋ 2 ಒಂದು ಹನಿ ಸೇರಿಸಿ ಅರ್ಧ ಗಂಟೆ ಬಿಟ್ಟು ಹಾಕಿದ್ರೆ ಬಿಡಿ ಬಳೆಗಳು ಸಲೀಸಾಗಿ ಇಳಿದು ಕೆಳಗೆ ಗೆರೆ ಹೊಳೆಯತ್ತೆ. ಟೋಪೋ 1 ಹಾಕಿದ ಸಾಲಲ್ಲಿ ಬಾವಿ ಮಾತ್ರ ಹೊಳೀತಿರತ್ತೆ, ಕೆಳಗೆ ಖಾಲಿ. ಇದನ್ನ ಮೊದಲ ಸಲ ಕಂಡ ದಿನ ನಾನು ರಾತ್ರಿ ಒಂದು ಗಂಟೇಲಿ ಯುವಿ ದೀಪದ ಮುಂದೆ ನಿಂತು ಅದನ್ನೇ ನೋಡ್ತಿದ್ದೆ. ಓದಿದ್ದೆಲ್ಲ ಅವತ್ತು ನಂಬಿಕೆ ಆಯ್ತು.

ಹುಬ್ಬಳ್ಳಿ_ಮಂದಿ · 9:15
ಮೇಡಂ, ಎರಡೂ ಎಳಿ ಕಡಿಯೂದಂದ್ರ ಭಾಳ ಡೇಂಜರ್ ಅಲ್ಲೇನ್ರಿ? ಮಧ್ಯದಾಗ ಏನರ ಆದ್ರ?

ಮಗಳು_72 · 9:48
ಹುಬ್ಬಳ್ಳಿಯವರು ಕೇಳಿದ್ದೇ ನನ್ನ ಪ್ರಶ್ನೇನೂ. ನಾನು ವಿಜ್ಞಾನ ಓದಿದವಳಲ್ಲ. ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಇರಿನೋಟೆಕಾನ್ ಕೊಡ್ತಿದ್ದಾರೆ. ಚೀಟಿ ಹಿಡಿದು ಹುಡುಕಿದಾಗ "ಟೋಪೋಐಸೋಮರೇಸ್ 1 ತಡೆ" ಅಂತ ಇತ್ತು. ಹಾಗಾಗಿ ಈ ಎಳೆ ಪೂರ್ತಿ ಓದಿದೆ. ಹುರಿ ಬಿಡಿಸೋ ಕಿಣ್ವವನ್ನ ತಡೆದ್ರೆ ಕ್ಯಾನ್ಸರ್ ಕೋಶ ನಕಲಾಗಲ್ಲ, ಸಾಯತ್ತೆ, ಅಷ್ಟೇ ತಾನೇ?

ಮೊದಲ ಸಲ ಔಷಧ ಹಾಕಿಸಿಕೊಂಡು ಬಂದು ಆರನೇ ದಿನಕ್ಕೆ ಭೇದಿ ಶುರು ಆಯ್ತು. ದಿನಕ್ಕೆ ಹತ್ತು ಸಲ. ಅಮ್ಮ ಗೋಡೆ ಹಿಡಿದು ನಡೆಯೋ ಹಾಗಾಯ್ತು. ಹೀಗಾಗಬಹುದು ಅಂತ ಆಸ್ಪತ್ರೇಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ತಿಂದಿದ್ದು ಏನೋ ಆಗಿಲ್ಲ ಅಂದ್ಕೊಂಡು ಒಂದು ದಿನ ಮಜ್ಜಿಗೆ, ಗಂಜಿ ಕೊಟ್ಟು ಕಾದೆ. ಅದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ರಾತ್ರಿ_ಲ್ಯಾಬ್ · 10:30
ಅಕ್ಕ, ಅಮ್ಮ ಈಗ ಹೇಗಿದ್ದಾರೆ? ನಾನು ವೈದ್ಯೆ ಅಲ್ಲ, ಆದರೂ ಒಂದು ವಿಷಯ ಹೇಳಲೇಬೇಕು. ಇರಿನೋಟೆಕಾನ್ ಕೊಟ್ಟ ಕೆಲವು ದಿನದ ಮೇಲೆ ಬರೋ ಭೇದಿ ಇದರ ಗೊತ್ತಿರೋ ಅಡ್ಡ ಪರಿಣಾಮ. ಮನೆಯಲ್ಲಿ ಕಾಯಬಾರದು, ಮೊದಲ ದಿನವೇ ಫೋನ್ ಮಾಡಬೇಕು. ಇನ್ನೊಂದು, ದೇಹದಲ್ಲಿ ಈ ಔಷಧವನ್ನ ಹೊರಹಾಕೋಕೆ ಯುಜಿಟಿ1ಎ1 ಅನ್ನೋ ಕಿಣ್ವ ಬೇಕು. ಕೆಲವರಲ್ಲಿ ಅದು ಹುಟ್ಟಿನಿಂದಲೇ ಕಮ್ಮಿ, ಅವರಿಗೆ ಅಡ್ಡ ಪರಿಣಾಮ ಜೋರು. ಪರೀಕ್ಷೆ ಇದೆ. ಮುಂದಿನ ಸಲ ಹೋದಾಗ ಡಾಕ್ಟರನ್ನ ನೇರವಾಗಿ ಕೇಳಿ.

ಈಗ ನಿಮ್ಮ ಪ್ರಶ್ನೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. "ತಡೆ" ಅನ್ನೋ ಪದ ದಾರಿ ತಪ್ಪಿಸತ್ತೆ. ಔಷಧ ಕಿಣ್ವವನ್ನ ಕತ್ತರಿಸದ ಹಾಗೆ ತಡೆಯಲ್ಲ. ಕತ್ತರಿಸೋಕೆ ಬಿಡತ್ತೆ. ಕತ್ತರಿಸಿ, ಟೈರೋಸಿನ್ ತುದಿಯನ್ನ ಹಿಡಿದುಕೊಂಡ ಗಳಿಗೇಲಿ ಆ ಸಂದಿಗೆ ಹೋಗಿ ಬೆಣೆ ಥರ ಕೂರತ್ತೆ. ಈಗ ಕಿಣ್ವಕ್ಕೆ ಸೇರಿಸೋಕೂ ಆಗಲ್ಲ, ಬಿಟ್ಟು ಹೋಗೋಕೂ ಆಗಲ್ಲ. ಅಷ್ಟರಲ್ಲಿ ಹಿಂದಿನಿಂದ ಕವಲು ಬಂದು ಅದಕ್ಕೆ ಗುದ್ದತ್ತೆ. ಒಂದೆಳೆಯ ಕಡಿತ ಎರಡೆಳೆಯ ಮುರಿತ ಆಗಿಬಿಡತ್ತೆ. ಕೋಶ ಸಾಯೋದು ಅದರಿಂದ. ಸದಾ ನಕಲಾಗ್ತಾ ಇರೋ ಕ್ಯಾನ್ಸರ್ ಕೋಶಕ್ಕೆ ಜಾಸ್ತಿ ಪೆಟ್ಟು ಬೀಳೋದಕ್ಕೂ ಇದೇ ಕಾರಣ. ಕರುಳಿನ ಒಳಪದರ, ಮೂಳೆ ಮಜ್ಜೆ, ಕೂದಲ ಬುಡ, ಇವೂ ಬೇಗ ಬೇಗ ನಕಲಾಗೋ ಕೋಶಗಳೇ, ಹಾಗಾಗಿ ಅವಕ್ಕೂ ಪೆಟ್ಟು.

ಇದಕ್ಕೆ ಚೊಕ್ಕ ಸಾಕ್ಷಿ ಯೀಸ್ಟ್‌ನಲ್ಲಿದೆ. ಯೀಸ್ಟ್‌ನಿಂದ ಟೋಪೋ 1 ಜೀನನ್ನೇ ತೆಗೆದುಹಾಕಿದ್ರೂ ಅದು ಬದುಕತ್ತೆ, ಟೋಪೋ 2 ಹೇಗೋ ನಿಭಾಯಿಸತ್ತೆ. ಅಂಥ ಯೀಸ್ಟ್‌ಗೆ ಈ ಜಾತಿಯ ಔಷಧ ಹಾಕಿದ್ರೆ ಏನೂ ಆಗಲ್ಲ! ಕಿಣ್ವ ಇಲ್ಲದೇ ಇರೋದು ಸಾವಲ್ಲ, ಕಿಣ್ವ ಡಿಎನ್‌ಎ ಮೇಲೆ ಸಿಕ್ಕಿಹಾಕಿಕೊಳ್ಳೋದು ಸಾವು.

ಗಣಿತದವ · 10:44
ಅಂದರೆ ಕಿಣ್ವ ಹೆಚ್ಚಿದ್ದಷ್ಟೂ ಔಷಧ ಹೆಚ್ಚು ನಾಟುತ್ತದೆ? ತಡೆ ಅಂದುಕೊಂಡಿದ್ದರೆ ಉಲ್ಟಾ ಲೆಕ್ಕ ಹಾಕುತ್ತಿದ್ದೆ.

ರಾತ್ರಿ_ಲ್ಯಾಬ್ · 10:47
ಸಾಮಾನ್ಯವಾಗಿ ಹೌದು. ಕಿಣ್ವ ಕಮ್ಮಿ ಮಾಡಿಕೊಂಡೇ ಔಷಧದಿಂದ ತಪ್ಪಿಸಿಕೊಳ್ಳೋ ಕ್ಯಾನ್ಸರ್ ಕೋಶಗಳಿವೆ.

ಮಗಳು_72 · 11:05
ಎರಡು ಸಲ ಓದಿದೆ. ಅರ್ಥ ಆಯ್ತು. ಇಷ್ಟು ದಿನ ಯಾರೂ ಹೀಗೆ ಕೂರಿಸಿಕೊಂಡು ಹೇಳಿರಲಿಲ್ಲ ತಾಯಿ. ಅಮ್ಮ ಈಗ ಪರವಾಗಿಲ್ಲ, ಪ್ರಮಾಣ ಕಮ್ಮಿ ಮಾಡಿದ್ದಾರೆ. ಯುಜಿಟಿ ಪರೀಕ್ಷೆ ಹೆಸರು ಬರೆದಿಟ್ಟುಕೊಂಡೆ.

ಶಾಂತಕ್ಕ · 11:20
ನನಗೆ ಒಂಬತ್ತು ವರ್ಷದ ಹಿಂದೆ ಎದೆಯ ಗಡ್ಡೆಗೆ ಕೆಂಪು ಔಷಧ ಕೊಟ್ಟಿದ್ರು, ಡಾಕ್ಸೋರುಬಿಸಿನ್. ಸಿರಿಂಜಿನಲ್ಲಿ ರೂಹ್ ಅಫ್ಜಾ ಥರ ಕಾಣ್ತಿತ್ತು. ಆ ದಿನ ಮೂತ್ರವೂ ಕೆಂಪಗೆ ಬಂದು ಹೆದರಿಬಿಟ್ಟಿದ್ದೆ, ನರ್ಸಮ್ಮ ಔಷಧದ ಬಣ್ಣ ಅಕ್ಕ ಅಂತ ಸಮಾಧಾನ ಮಾಡಿದ್ರು. ಅದೂ ಇದೇ ಕಿಣ್ವದ್ದಾ? ಪ್ರತಿ ಸಲಕ್ಕೂ ಮುಂಚೆ ಹೃದಯದ ಎಕೋ ಮಾಡಿಸ್ತಿದ್ರು.

ರಾತ್ರಿ_ಲ್ಯಾಬ್ · 11:41
ಶಾಂತಕ್ಕ, ಹೌದು, ಅದು ಟೋಪೋ 2ರ ಮೇಲೆ ಕೆಲಸ ಮಾಡತ್ತೆ. ಗೇಟ್ ತೆರೆದಿದ್ದಾಗಲೇ ಸಿಕ್ಕಿಸಿಬಿಡತ್ತೆ. ಇಟಲಿಯ ಮಣ್ಣಿನಿಂದ ತೆಗೆದ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾದಿಂದ ಬಂದ ಔಷಧ ಅದು, ಅಡ್ರಿಯಾಮೈಸಿನ್ ಅನ್ನೋ ಹೆಸರು ಅಲ್ಲಿನ ಏಡ್ರಿಯಾಟಿಕ್ ಸಮುದ್ರದ್ದು. ಎಕೋ ಯಾಕೆ ಅಂದ್ರೆ, ಟೋಪೋ 2ರಲ್ಲಿ ಆಲ್ಫಾ ಮತ್ತು ಬೀಟಾ ಅಂತ ಎರಡು. ಆಲ್ಫಾ ಇರೋದು ಮುಖ್ಯವಾಗಿ ವಿಭಜನೆ ಆಗ್ತಿರೋ ಕೋಶದಲ್ಲಿ. ಬೀಟಾ ಹೃದಯದ ಸ್ನಾಯುವಿನಲ್ಲೂ ಇದೆ. ಆಲ್ಫಾಗೆ ಇಟ್ಟ ಗುರಿ ಬೀಟಾಗೂ ತಾಗತ್ತೆ. ಇಲಿಗಳ ಹೃದಯದಿಂದ ಬೀಟಾ ತೆಗೆದುಹಾಕಿದಾಗ ಈ ಔಷಧದ ಹಾನಿ ಬಹಳ ಕಮ್ಮಿ ಆಯ್ತು ಅಂತ 2012ರಲ್ಲಿ ತೋರಿಸಿದ್ದಾರೆ.

ಹುಬ್ಬಳ್ಳಿಯವರೇ, ಡೇಂಜರ್ ಅಂದ್ರಲ್ಲ, ನಿಜ. ಎಟೊಪೊಸೈಡ್ ಅನ್ನೋ ಇನ್ನೊಂದು ಟೋಪೋ 2 ಔಷಧ ಇದೆ. ಅದರಿಂದ ಮುರಿದ ತುದಿಗಳು ಕೆಲವೊಮ್ಮೆ ತಪ್ಪಾಗಿ ಸೇರಿಕೊಂಡು, ಎರಡು ಮೂರು ವರ್ಷದ ಮೇಲೆ ಕೆಲವರಿಗೆ ರಕ್ತದ ಕ್ಯಾನ್ಸರ್ ಬರೋದುಂಟು. ಅಪರೂಪ, ಆದರೆ ಉಂಟು.

ಅಡಕೆ_ಬೆಟ್ಟ · ಮಧ್ಯಾಹ್ನ 1:15
ಇರಿನೋಟೆಕಾನ್ ಅಂದಕೂಡಲೇ ಬರೆಯಬೇಕು ಅನ್ನಿಸಿತು. ನಾನು ಶಿರಸಿ ಕಡೆಯವನು. ಅದರ ಮೂಲ ವಸ್ತು ಕ್ಯಾಂಪ್ಟೋಥೆಸಿನ್. ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿ ಅದು ಇದೆ. ಹೂ ಬಿಟ್ಟಾಗ ಹತ್ತಿರ ಹೋದರೆ ಹೆಸರು ಯಾಕೆ ಅಂತ ಗೊತ್ತಾಗುತ್ತದೆ. ಮೊದಲು ಕಂಡುಹಿಡಿದದ್ದು ಚೀನಾದ ಬೇರೊಂದು ಮರದಲ್ಲಿ, 1966ರಲ್ಲಿ, ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾನಿಯವರು ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದವರು. 1972ರಲ್ಲಿ ನಮ್ಮ ದೇಶದ ರಸಾಯನಶಾಸ್ತ್ರಜ್ಞರು ಘಟ್ಟದ ಈ ಮರದಲ್ಲೂ ಇದೆ ಅಂತ ತೋರಿಸಿದರು. ಅದೇ ಮರಕ್ಕೆ ಮುಳುವಾಯಿತು. ಬೇರು, ತೊಗಟೆಯಲ್ಲಿ ಅಂಶ ಹೆಚ್ಚು, ಹಾಗಾಗಿ ಬುಡಸಮೇತ ಕಿತ್ತು ಲಾರಿಗಟ್ಟಲೆ ಸಾಗಿಸಿದರು. ಚಿಕ್ಕವನಿದ್ದಾಗ ನಮ್ಮ ಬೆಟ್ಟದಲ್ಲಿ ಕಾಣುತ್ತಿದ್ದ ಮರ ಈಗ ಹುಡುಕಬೇಕು. ಇದು ಬಹಳ ನೋವಿನ ಸಂಗತಿ ನನಗೆ.

ನಾಟಿ_ಮದ್ದು · 1:40
ನೋಡಿ, ನಮ್ಮ ಕಾಡಲ್ಲೇ ಮದ್ದಿದೆ. ಇಷ್ಟೆಲ್ಲ ಖರ್ಚು ಮಾಡೋ ಬದಲು ಆ ತೊಗಟೆ ಕಷಾಯ ಮಾಡಿ ಕುಡಿದ್ರೆ ಆಗಲ್ವಾ? ಕೀಮೋ ಅಂದ್ರೆ ವಿಷ ಕಣ್ರೀ.

ಫಾರ್ಮಸಿ_ಅಣ್ಣ · 1:48
ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಇಲ್ಲಿ ಕ್ಯಾನ್ಸರ್ ರೋಗಿಯ ಮನೆಯವರು ಓದ್ತಿದ್ದಾರೆ.

ರಾತ್ರಿ_ಲ್ಯಾಬ್ · 2:05
ಖಂಡಿತ ಬೇಡ. ಮರದಿಂದ ಬಂದ ಆ ವಸ್ತುವನ್ನೇ 1970ರ ದಶಕದ ಮೊದಲಲ್ಲಿ ರೋಗಿಗಳಿಗೆ ಕೊಟ್ಟು ನೋಡಿದ್ರು. ಮೂತ್ರಕೋಶದಿಂದ ರಕ್ತ ಹೋಗೋಕೆ ಶುರು ಆಯ್ತು, ಪ್ರಯೋಗವನ್ನೇ ನಿಲ್ಲಿಸಿದ್ರು. ಹತ್ತು ವರ್ಷಕ್ಕೂ ಮೇಲೆ ಅದು ಮೂಲೆಗೆ ಬಿದ್ದಿತ್ತು. 1985ರಲ್ಲಿ ಅದು ಹಿಡಿಯೋದು ಟೋಪೋ 1ನ್ನ ಅಂತ ಗೊತ್ತಾದ ಮೇಲೆ ಮತ್ತೆ ಜೀವ ಬಂತು. ನೀರಲ್ಲಿ ಕರಗೋ ಹಾಗೆ ಬದಲಿಸಿ ಟೊಪೊಟೆಕಾನ್, ಇರಿನೋಟೆಕಾನ್ ಮಾಡಿದ್ರು. ಅಮೆರಿಕದಲ್ಲಿ ಎರಡಕ್ಕೂ 1996ರಲ್ಲಿ ಅನುಮತಿ ಸಿಕ್ತು. ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತದ ಎಣಿಕೆ ನೋಡಿ ಕೊಡೋ ಔಷಧ. ತೊಗಟೇಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಒಂದು ಮರದಿಂದ ಇನ್ನೊಂದಕ್ಕೇ ವ್ಯತ್ಯಾಸ.

ನಾಟಿ_ಮದ್ದು · 2:20
ಸರಿ, ಆ ರಕ್ತ ಹೋಗೋ ವಿಷಯ ನನಗೆ ಗೊತ್ತಿರಲಿಲ್ಲ. ಮಾತು ವಾಪಸ್ ತಗೊಂಡೆ.

ತಿಪಟೂರ್_ನಾರು · 2:31
ಒಂದು ಅನುಮಾನ. ಮರಕ್ಕೂ ಡಿಎನ್‌ಎ ಇದೆ, ಅದಕ್ಕೂ ಹುರಿಬಿಡಿಕೆ ಬೇಕು. ಮೈತುಂಬಾ ಆ ವಿಷ ಇಟ್ಕೊಂಡು ಮರ ಹೇಗೆ ಬದುಕತ್ತೆ?

ರಾತ್ರಿ_ಲ್ಯಾಬ್ · 3:10
ಎಂಥ ಪ್ರಶ್ನೆ ಕೇಳಿದ್ರಿ! 2008ರಲ್ಲಿ ಜಪಾನಿನ ತಂಡ ಇದನ್ನೇ ನೋಡಿತು. ಕ್ಯಾಂಪ್ಟೋಥೆಸಿನ್ ತಯಾರಿಸೋ ಗಿಡಗಳ ಟೋಪೋ 1ರಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ. ಮನುಷ್ಯರ ಲೆಕ್ಕದಲ್ಲಿ 722ನೇ ಜಾಗ, ಅಸ್ಪರಾಜಿನ್ ಬದಲು ಸೆರಿನ್. ನಾನು ಮೊದಲೇ ಹೇಳಿದ 723ನೇ ಟೈರೋಸಿನ್‌ಗೆ ಒತ್ತಿಕೊಂಡೇ ಇರೋ ಜಾಗ ನೋಡಿ. ಅಲ್ಲಿ ಬದಲಾದ್ರೆ ಬೆಣೆ ಕೂರಲ್ಲ, ಕಿಣ್ವದ ಕೆಲಸ ಮಾತ್ರ ನಡೆಯತ್ತೆ. ಇನ್ನೂ ಆಶ್ಚರ್ಯ ಅಂದ್ರೆ, ಪ್ರಯೋಗಾಲಯದಲ್ಲಿ ಈ ಔಷಧಕ್ಕೆ ಬಗ್ಗದ ಮನುಷ್ಯರ ರಕ್ತಕ್ಯಾನ್ಸರ್ ಕೋಶದಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಮುಂಚೆಯೇ ಸಿಕ್ಕಿತ್ತು. ಕಾಡಿನ ಗಿಡ ಕಂಡುಕೊಂಡ ದಾರಿಯನ್ನೇ ಕ್ಯಾನ್ಸರ್ ಕೋಶವೂ ಕಂಡುಕೊಂಡಿತ್ತು.

ಅಡಕೆ_ಬೆಟ್ಟ · 3:25
ಇದನ್ನು ಓದಿ ಮೈ ಜುಮ್ಮೆಂದಿತು. ನಮ್ಮ ಬೆಟ್ಟದ ಅಂಚಿನಲ್ಲಿ ಒಂದೇ ಒಂದು ಮರ ಉಳಿದಿದೆ. ಈ ಸಲ ಬೀಜ ಬಿದ್ದರೆ ಸಸಿ ಮಾಡುತ್ತೇನೆ.

ವಿಜಯಪುರ_7 · 4:02
ಸಣ್ಣ ಪ್ರಶ್ನೆ. ನಮ್ಮ ಅತ್ತೆಯ ರಿಪೋರ್ಟಿನಲ್ಲಿ "ಎಸ್‌ಸಿಎಲ್-70 ಪಾಸಿಟಿವ್" ಅಂತ ಬಂದಿದೆ, ಚರ್ಮ ಗಟ್ಟಿಯಾಗೋ ಕಾಯಿಲೆ. ಕೆಳಗೆ ಟೋಪೋಐಸೋಮರೇಸ್ ಅಂತ ಬರೆದಿದೆ. ಸಂಬಂಧ ಇದೆಯಾ?

ರಾತ್ರಿ_ಲ್ಯಾಬ್ · 4:20
ಇದೆ. ಸ್ಕ್ಲೆರೋಡರ್ಮಾ ಇರೋ ಕೆಲವರ ದೇಹ ತನ್ನದೇ ಟೋಪೋ 1ರ ವಿರುದ್ಧ ಪ್ರತಿಕಾಯ ಮಾಡತ್ತೆ. ಮೊದಲು ಸಿಕ್ಕ ತುಂಡಿನ ತೂಕ 70 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಇತ್ತು, ಅದಕ್ಕೆ ಆ ಹೆಸರು. ಪೂರ್ತಿ ಕಿಣ್ವ 91. ಇದು ಪಾಸಿಟಿವ್ ಇದ್ದವರಿಗೆ ಶ್ವಾಸಕೋಶ ಗಟ್ಟಿಯಾಗೋ ಸಾಧ್ಯತೆ ಹೆಚ್ಚು, ಆ ಪರೀಕ್ಷೆಗಳನ್ನ ಬಿಡದೆ ಮಾಡಿಸಿ.

ಪಿಯು_ಮೇಷ್ಟ್ರು · ಸೋಮವಾರ ಸಂಜೆ 5:30
ಎಲ್ಲರಿಗೂ ಹೇಳಬೇಕು. ಇವತ್ತು ತರಗತಿಗೆ ಎರಡೆಳೆ ಹಗ್ಗ ತಗೊಂಡು ಹೋದೆ. ಒಂದು ತುದಿ ಕಿಟಕಿ ಸರಳಿಗೆ ಕಟ್ಟಿದೆ. ಇಬ್ಬರು ಹುಡುಗರು ಎಳೆ ಹಿಡಿದು ಅಗಲಿಸಿದ್ರು. ಮೂರನೇ ಬೆಂಚಿನ ಹತ್ತಿರ ಬರೋ ಹೊತ್ತಿಗೆ ಹಗ್ಗ ಸುರುಳಿ ಎದ್ದು ನಿಂತಿತು, ನಾರು ಬಿಗಿದು ಕಿರ್ರ್ ಅಂತು. ತರಗತಿ ಪೂರ್ತಿ ನಿಶ್ಶಬ್ದ. ಪ್ರಶ್ನೆ ಕೇಳಿದ ಹುಡುಗಿಯನ್ನೇ ಕರೆದು ಕತ್ತರಿ ಕೊಟ್ಟೆ. "ಒಂದೇ ಎಳೆ ಕತ್ತರಿಸು, ಆದರೆ ಕತ್ತರಿಸಿದ ಒಂದು ತುದಿಯನ್ನ ಬಿಡಬೇಡ" ಅಂದೆ. ತುದಿಯನ್ನ ಎರಡು ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಲಿ ಕತ್ತರಿಸಿದಳು. ಮುಂದಿನ ಹಗ್ಗ ಉಳಿದ ಎಳೆ ಸುತ್ತ ಸರ್ರನೆ ತಿರುಗಿ ಸಡಿಲ ಆಯ್ತು. ಅವಳು ಬೆರಳು ಬಿಡಲೇ ಇಲ್ಲ. "ನಾನೇ ಟೈರೋಸಿನ್ ಅಲ್ವಾ ಸರ್?" ಅಂದಳು.

ಡೆಲ್‌ಬ್ರುಕ್ ವಿಷಯವನ್ನೂ ಹೇಳಿದೆ. ಆ ಹೆಸರನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ರಾತ್ರಿ_ಲ್ಯಾಬ್ · 5:44
ಮೇಷ್ಟ್ರೇ, ಇದನ್ನ ನಮ್ಮ ಲ್ಯಾಬಿನವರಿಗೆಲ್ಲ ಓದಿ ಹೇಳಿದೆ. ರಜೇಲಿ ಅವಳನ್ನ ಕರ್ಕೊಂಡು ಬನ್ನಿ, ಆ ಬಲೆ ಬಿಡೋ ಜೆಲ್ ತೋರಿಸ್ತೀನಿ.

ಮಗಳು_72 · 6:10
ಅಮ್ಮನಿಗೂ ಓದಿ ಹೇಳಿದೆ. ಗುರುವಾರ ನಾಲ್ಕನೇ ಸಲದ ಔಷಧ.

ಹುಬ್ಬಳ್ಳಿ_ಮಂದಿ · 6:32
ನಮ್ಮಕ್ಕ ಹೈಸ್ಕೂಲ್ ಟೀಚರ್ ಅದಾಳ್ರಿ, ಆಕಿಗೂ ಕಳಿಸೇನಿ. ಹಗ್ಗ ಎಷ್ಟು ಉದ್ದ ಇರಬೇಕು ಅಂತ ಕೇಳಾಕತ್ತಾಳ.

ಪಿಯು_ಮೇಷ್ಟ್ರು · 6:40
ಆರು ಮೀಟರ್ ಇದ್ದರೆ ಸಾಕು. ನೈಲಾನ್ ಬೇಡ, ಜಾರತ್ತೆ.

ತಿಪಟೂರ್_ನಾರು · 6:43
ನಾರಿನ ಹಗ್ಗವೇ ಆಗಲಿ, ಕೊಳ್ಳುವಾಗ ತುದಿ ಬಿಚ್ಚಿ ನೋಡಿ. ಎರಡೆಳೆದೇ ಇರಬೇಕು, ಮೂರೆಳೆದು ಕೊಟ್ಟುಬಿಡ್ತಾರೆ.